ಪ್ರಾಂಪ್ಟಮ್ಮನ ಸಾಕ್ಷಿ

ಕೋರ್ಟಿಗೆ ಹೋಗುವ ದಿನ ಯಾರಾದರೂ ಖುಷಿಯಾಗಿ ಏಳುತ್ತಾರೆಯೇ? ಪ್ರಾಂಪ್ಟಮ್ಮ ಎದ್ದಳು. ಎದ್ದವಳೇ ಮೊಮ್ಮಗಳ ಹಾಸಿಗೆ ಕೊಡವಿದಳು, ದಿಂಬಿನ ಚೀಲ ಬದಲಿಸಿದಳು, ಬಣ್ಣದ ಪೆನ್ಸಿಲ್ಲುಗಳ ಡಬ್ಬಿ ತೆಗೆದು ಒಂದೊಂದನ್ನೂ ಚೂಪು ಮಾಡಿಟ್ಟಳು. ಆರು ವರ್ಷದ ಚೂಟಿ ತಾಯಿಯ ಜೊತೆ ಮನೆ ಬಿಟ್ಟು ಹೋದಾಗಿನಿಂದ ಅವಳು ಆ ಮುಖ ಕಂಡಿರಲಿಲ್ಲ. ಮಗು ಯಾರ ಹತ್ತಿರ ಇರಬೇಕು ಅಂತ ಇವತ್ತು ಕೋರ್ಟು ತೀರ್ಮಾನ ಮಾಡುತ್ತದೆ, ಸಂಜೆಯೊಳಗೆ ಚೂಟಿ ನಮ್ಮ ಮನೆಯಲ್ಲಿರುತ್ತಾಳೆ ಅಂತ ಮಗ ಮಾತು ಕೊಟ್ಟಿದ್ದ. ಮುದುಕಿಯ ಎದೆ ಬೆಳಗಿನಿಂದಲೇ ಡವಡವ ಅನ್ನುತ್ತಿತ್ತು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಸಂಭ್ರಮಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಇವತ್ತು ಅವಳಿಗೊಂದು ಡೈಲಾಗು ಇತ್ತು.

ಅದರಲ್ಲೇನು ಮಹಾ ಅನ್ನಬೇಡಿ. ಜೀವಮಾನದ ಅರ್ಧವನ್ನು ಅವಳು ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿ ಕಳೆದವಳು. ರಂಗದ ಪಕ್ಕದ ಸಂದಿಯಲ್ಲಿ, ಪರದೆಯ ಮರೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು, ನಟರು ಮಾತು ಮರೆತರೆ ಪಿಸುಗುಟ್ಟಿ ಎತ್ತಿಕೊಡುವ ಕೆಲಸ. ರಾಜನ ಮಾತು, ಕಳ್ಳನ ಮಾತು, ವಿದೂಷಕನ ಮಾತು ಎಲ್ಲವೂ ಅವಳಿಗೆ ಬಾಯಿಪಾಠ, ಆದರೆ ಒಂದೂ ಅವಳದಲ್ಲ. ಒಮ್ಮೆ ಸಾಯುವ ಪಾತ್ರದವನು ಕೊನೆಯ ಮಾತು ಮರೆತು, ಸಾಯಲೂ ಆಗದೆ ಬದುಕಲೂ ಆಗದೆ ಒದ್ದಾಡುತ್ತಿದ್ದಾಗ, ಮಾತು ಎತ್ತಿಕೊಟ್ಟು ಅವನನ್ನು ಸುಖವಾಗಿ ಸಾಯಿಸಿದ ಪುಣ್ಯಾತ್ಗಿತ್ತಿ ಅವಳೇ. ಕಂಪನಿಯವರು ಇಟ್ಟ ಹೆಸರು ಪ್ರಾಂಪ್ಟಮ್ಮ. ಕಂಪನಿ ಮುಚ್ಚಿದರೂ ಹೆಸರು ಹೋಗಲಿಲ್ಲ, ಚಾಳಿಯೂ ಹೋಗಲಿಲ್ಲ. ಪಕ್ಕದ ಮನೆಯವಳು ಮಾತಿನ ಮಧ್ಯೆ ಕೆಮ್ಮಿದರೆ ಸಾಕು, ಮುಂದಿನ ಮಾತನ್ನು ಇವಳೇ ಹೇಳಿ ಮುಗಿಸಿಬಿಡುತ್ತಿದ್ದಳು. ಮಾತು ಅರ್ಧಕ್ಕೆ ನಿಂತದ್ದನ್ನು ನೋಡಿಕೊಂಡು ಸುಮ್ಮನಿರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಅಂಥವಳಿಗೆ ಮಗನ ವಕೀಲರು ಈಗ ಒಂದು ಸ್ವಂತ ಮಾತು ಕೊಟ್ಟಿದ್ದರು. ‘ಅವತ್ತು ನಾನು ಊರಲ್ಲೇ ಇರಲಿಲ್ಲ.’ ಇಷ್ಟೇ. ಕಟಕಟೆಯಲ್ಲಿ ನಿಂತು ಇದೊಂದನ್ನು ಹೇಳಿದರೆ ಸಾಕಂತೆ. ಅವಳು ಅದನ್ನು ಕನ್ನಡಿಯ ಮುಂದೆ ನಿಂತು, ಪಾತ್ರೆ ಉಜ್ಜುತ್ತ, ಹೂಜಿಗೆ ನೀರು ತುಂಬುತ್ತ ಬಗೆಬಗೆಯ ಧಾಟಿಯಲ್ಲಿ ಹೇಳಿನೋಡಿದ್ದಳು. ಕೊನೆಗೆ ಸ್ವಲ್ಪ ದುಃಖ, ಸ್ವಲ್ಪ ಗತ್ತು ಬೆರೆಸಿದ್ದು ಚೆನ್ನಾಗಿದೆ ಅಂತ ತೀರ್ಮಾನಿಸಿದ್ದಳು.

ಮಾತು ಸುಳ್ಳು ಅಂತ ಅವಳಿಗೆ ಗೊತ್ತಿತ್ತು. ಅವತ್ತು ಅವಳು ಊರಲ್ಲೂ ಇದ್ದಳು, ಮನೆಯಲ್ಲೂ ಇದ್ದಳು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ಮಗನದು ಕನ್ನಡಕದ ಅಂಗಡಿ. ಬಂದವರನ್ನೆಲ್ಲ ಅಣ್ಣ, ಅಕ್ಕ ಅಂತ ಕೂರಿಸಿ, ಮೂಗಿಗೆ ನೋವಾಗದ ಹಾಗೆ ಮೆತ್ತಗೆ ಚೌಕಟ್ಟು ಏರಿಸಿ ನೋಡುವ ಮನುಷ್ಯ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು. ಸೊಸೆ ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವವಳು. ಒಂದು ಸಂಜೆ ಗಂಡ ನನ್ನ ಬಲಗೈಯನ್ನು ಅಡುಗೆಮನೆಯ ಬಾಗಿಲ ಸಂದಿಯಲ್ಲಿಟ್ಟು ಬಾಗಿಲೆಳೆದ ಅನ್ನುವುದು ಅವಳ ದೂರು. ಬೇಕರಿಯ ಯಂತ್ರಕ್ಕೆ ಬೆರಳು ಸಿಕ್ಕಿಕೊಂಡದ್ದನ್ನು ನನ್ನ ತಲೆಗೆ ಕಟ್ಟುತ್ತಿದ್ದಾಳೆ ಅನ್ನುವುದು ಅವನ ಉತ್ತರ. ಮಗು ನಮಗೆ ಬೇಕು ಅನ್ನುವ ಅರ್ಜಿಗೆ ಅವನ ಜೊತೆ ಪ್ರಾಂಪ್ಟಮ್ಮನೂ ಸಹಿ ಹಾಕಿದ್ದಳು. ತಾಯಿಯಾದವಳು ಬೆಳಕು ಹರಿಯುವ ಮುಂಚೆ ಬೇಕರಿಗೆ ಓಡುತ್ತಾಳೆ, ನಮ್ಮ ಮನೆಯಲ್ಲಾದರೆ ಇಡೀ ದಿನ ಅಜ್ಜಿ ಇರುತ್ತಾಳೆ ಅನ್ನುವುದೇ ಆ ಅರ್ಜಿಯ ಜೀವಾಳ. ಒಂದು ಸುಳ್ಳಿಗೆ ಒಂದು ಮೊಮ್ಮಗಳು ಸಿಗುವುದಾದರೆ ಯಾರ ಗಂಟು ಹೋಯಿತು ಅಂತ ಮುದುಕಿ ತನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು.

ಬಾಗಿಲು ಮುಚ್ಚಿಕೊಂಡು ವಿಚಾರಣೆ ನಡೆಸುವ ಸಣ್ಣ ಕೋರ್ಟು ಅದು. ಒಳಗೆ ಹೋದ ಕೂಡಲೇ ಪ್ರಾಂಪ್ಟಮ್ಮನ ಕಣ್ಣು ಅಭ್ಯಾಸ ಬಲದಿಂದ ಎಲ್ಲವನ್ನೂ ಅಳೆಯಿತು. ನ್ಯಾಯಾಧೀಶರು ಕೂರುವ ಎತ್ತರದ ಜಾಗ, ಅವರು ಬರುವ ಪಕ್ಕದ ಬಾಗಿಲು, ಕಟಕಟೆ, ಟೈಪಿಸ್ಟಿನ ಮೇಜು, ಕಿರುಗುಟ್ಟುವ ಫ್ಯಾನು. ಬೆಳಕು ಸಾಲದು, ಆದರೆ ಜಾಗ ಚೆನ್ನಾಗಿದೆ ಅಂದುಕೊಂಡಳು. ಅರ್ಜಿದಾರಳಾದ್ದರಿಂದ ಅವಳು ಒಳಗೇ ಕೂರಬಹುದಿತ್ತು. ಮಗನ ಪಕ್ಕದಲ್ಲಿ, ಕಟಕಟೆಗೆ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಜಾಗ ಸಿಕ್ಕಿತು.

ನ್ಯಾಯಾಧೀಶರು ಬಂದರು. ನರೆತ ಕೂದಲಿನ, ಮಾತು ಕಡಿಮೆಯ ಹೆಂಗಸು. ಬೆಳಿಗ್ಗೆ ನನ್ನ ಕೋಣೆಯಲ್ಲಿ ಮಗುವನ್ನು ಮಾತಾಡಿಸಲು ನೋಡಿದೆ, ಮಗು ತುಟಿ ಪಿಟಕ್ಕೆನ್ನಲಿಲ್ಲ ಅಂತ ಹೇಳಿದರು. ಚೂಟಿ ಇದೇ ಕಟ್ಟಡದಲ್ಲಿ ಮಕ್ಕಳ ಕೋಣೆಯಲ್ಲಿದ್ದಾಳೆ ಅಂತ ತಿಳಿದು ಅಜ್ಜಿಗೆ ಕೂತಲ್ಲಿ ಕೂರಲಾಗಲಿಲ್ಲ. ಜೊತೆಗೆ ಅಚ್ಚರಿಯೂ ಆಯಿತು. ನಿದ್ದೆಯಲ್ಲೂ ಮಾತಾಡುವ ಹುಡುಗಿ ಅದು.

ಮೊದಲು ಮಗ ಕಟಕಟೆ ಹತ್ತಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ. ಹೆಂಡತಿಯ ಮೇಲೆ ಒಂದು ಕೆಟ್ಟ ಪದ ಆಡಲಿಲ್ಲ, ಅವಳಿಗೆ ವಿಶ್ರಾಂತಿ ಬೇಕು ಅಂದ. ಮಗಳ ಮೇಲೆ ಒಂದು ದಿನವೂ ಕೈ ಎತ್ತಿಲ್ಲ ಅಂದ, ಅದು ನಿಜವೇ ಆಗಿತ್ತು. ಗಂಡ ಹೆಂಡಿರ ಜಗಳ ಏನೇ ಇರಲಿ, ತಂದೆಯಾಗಿ ಇವನಲ್ಲಿ ಏನು ಕೊರತೆ ಅಂತ ಅವನ ವಕೀಲರು ಕೈ ಬೀಸಿ ಕೇಳಿದರು. ಮಗ ಎಲ್ಲೂ ಒಂದು ಕಡೆಯೂ ತಡವರಿಸಲಿಲ್ಲ. ಪ್ರಾಂಪ್ಟಮ್ಮನಿಗೆ ಹೆಮ್ಮೆ ಆಗಬೇಕಿತ್ತು, ಆದರೆ ಯಾಕೋ ಮೈ ಜುಮ್ಮೆಂದಿತು. ಯಾವ ನಟನೂ ಇಷ್ಟು ಸಲೀಸಾಗಿ ಮಾತಾಡಿದ್ದನ್ನು ಅವಳು ನೋಡಿರಲಿಲ್ಲ.

ಆಮೇಲೆ ಸೊಸೆ ಬಂದಳು. ಸೊರಗಿದ್ದಳು. ಅತ್ತೆಯ ಕಡೆ ತಿರುಗಿಯೂ ನೋಡದೆ ಕಟಕಟೆಯಲ್ಲಿ ನಿಂತಳು. ಅವಳ ವಕೀಲೆ ಎಳೆ ವಯಸ್ಸಿನ ಹುಡುಗಿ, ಶೀತ ಹಿಡಿದು ಮೂಗು ಕಟ್ಟಿತ್ತು. ಅವತ್ತು ಸಂಜೆ ನಡೆದದ್ದನ್ನು ನಿಮ್ಮ ಮಾತಲ್ಲೇ ಹೇಳಿ ಅಂದಳು. ಸೊಸೆ ಶುರುಮಾಡಿದಳು. ದೊಡ್ಡದೊಂದು ಕೇಕಿನ ಕೆಲಸ ಬಂದಿತ್ತು, ಬೇಗ ಹೋಗಬೇಕು ಅಂದೆ, ಹೋಗಬೇಡ ಅಂದರು, ಹೋಗುತ್ತೇನೆ ಅಂದೆ. ಅಲ್ಲಿಯವರೆಗೆ ಸರಿಯಾಗಿಯೇ ಬಂತು.

“ಅಡುಗೆಮನೆ ಬಾಗಿಲ ಹತ್ರ ಎಳ್ಕೊಂಡು ಹೋದ್ರು. ನನ್ನ ಬಲಗೈ ಹಿಡಿದು ಬಾಗಿಲ ಸಂದೀಲಿ ಇಟ್ರು. ಇಟ್ಟು...”

ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ಫ್ಯಾನು ಕಿರುಗುಟ್ಟಿತು. ಮಗನ ವಕೀಲರು ಎದ್ದು, ಏನಮ್ಮ, ಮುಂದಿನದು ಇನ್ನೂ ಬಾಯಿಪಾಠ ಆಗಿಲ್ಲವೇ ಅಂತ ಚುಚ್ಚಿದರು. ಸೊಸೆಯ ಕಣ್ಣು ಎಲ್ಲೋ ನೆಟ್ಟುಹೋಗಿತ್ತು. ನ್ಯಾಯಾಧೀಶರು ಕಾದರು. ಟೈಪಿಸ್ಟು ಕೀಲಿಗಳ ಮೇಲೆ ಬೆರಳಿಟ್ಟು ಕಾದ. ಹಾಳು ಮೌನ ಬೆಳೆಯುತ್ತಲೇ ಹೋಯಿತು.

ಇಲ್ಲಿ ಪ್ರಾಂಪ್ಟಮ್ಮನ ತಪ್ಪು ಏನೂ ಇಲ್ಲ. ಅವಳು ಯೋಚಿಸಲಿಲ್ಲ, ತೀರ್ಮಾನಿಸಲಿಲ್ಲ, ಸತ್ಯಕ್ಕೆ ಜಯವಾಗಲಿ ಅಂತಲೂ ಅಂದುಕೊಳ್ಳಲಿಲ್ಲ. ಬಿಸಿ ಪಾತ್ರೆ ಮುಟ್ಟಿದ ಕೈ ತಾನಾಗಿಯೇ ಹಿಂದೆ ಬರುವ ಹಾಗೆ, ಅವಳ ಕತ್ತು ತಾನಾಗಿಯೇ ಮುಂದೆ ಬಾಗಿತು. ಅಂಗೈ ಬಾಯಿಯ ಪಕ್ಕಕ್ಕೆ ಹೋಯಿತು.

“‘ಈ ಕೈಲಿ ತಾನೆ ನೀನು ದುಡಿಯೋದು...’”

ಒಂದು ಕಾಲದಲ್ಲಿ ಅವಳ ಪಿಸುಮಾತು ನಟನ ಕಿವಿ ಬಿಟ್ಟು ಬೇರೆಲ್ಲೂ ಹೋಗುತ್ತಿರಲಿಲ್ಲ. ಈಗ ಅವಳ ಕಿವಿ ಮಂದವಾಗಿತ್ತು, ಪಿಸುಮಾತು ಜೋರಾಗಿತ್ತು, ಅದು ಅವಳೊಬ್ಬಳಿಗೆ ಮಾತ್ರ ಗೊತ್ತಿರಲಿಲ್ಲ. ಇಡೀ ಕೋರ್ಟಿಗೆ ಕೇಳಿಸಿತು. ಸೊಸೆಗೂ ಕೇಳಿಸಿತು. ಯಾರು ಎತ್ತಿಕೊಟ್ಟರು ಅಂತಲೂ ನೋಡದೆ ಅವಳು ಮಾತು ಹಿಡಿದುಕೊಂಡಳು.

“‘ಈ ಕೈಲಿ ತಾನೆ ನೀನು ದುಡಿಯೋದು, ಇನ್ನು ನೋಡೋಣ’ ಅಂದ್ರು. ಅಂದು ಬಾಗಿಲು ಎಳೆದ್ರು.”

ಹೇಳಿ ಮುಗಿಸಿದ ಮೇಲೆಯೇ ಅವಳಿಗೆ ಹೊಳೆದದ್ದು. ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು. ಮಗನೂ ತಿರುಗಿದ. ಎರಡೂ ಕಡೆಯ ವಕೀಲರು, ಟೈಪಿಸ್ಟು, ಬಾಗಿಲ ಜವಾನ, ಎಲ್ಲರ ಕಣ್ಣೂ ಆ ಮುದುಕಿಯ ಮೇಲೆ ನೆಟ್ಟವು. ಅಂಗೈ ಇನ್ನೂ ಬಾಯಿಯ ಪಕ್ಕದಲ್ಲೇ ಇತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪ್ರಾಂಪ್ಟಮ್ಮ ಕೈ ಇಳಿಸಿ ಶಾಲಿನೊಳಗೆ ಮುಚ್ಚಿಟ್ಟುಕೊಂಡಳು.

ಮಗನ ವಕೀಲರು ಗಡಬಡಿಸಿ ಎದ್ದರು. ಇವರಿಗೆ ವಯಸ್ಸಾಗಿದೆ, ತಲೆಯ ತುಂಬ ಹಳೆಯ ನಾಟಕಗಳೇ ತುಂಬಿವೆ, ಸೊಸೆಯ ದೂರಿನ ಪ್ರತಿಯನ್ನೂ ಓದಿದ್ದಾರೆ, ಎರಡೂ ಕಲಸಿಹೋಗಿ ಏನೋ ಬಡಬಡಿಸಿದ್ದಾರೆ ಅಂದರು. ನ್ಯಾಯಾಧೀಶರು ತಲೆಯಾಡಿಸಿದರು. ದೂರಿನಲ್ಲಿ ಕೆಟ್ಟ ಮಾತು ಆಡಿದರು ಅಂತಷ್ಟೇ ಇದೆ, ಈ ಮಾತು ಎಲ್ಲೂ ಇಲ್ಲ ಅಂದರು. ಹಾಗಿದ್ದರೆ ಅದು ಯಾವುದೋ ನಾಟಕದ್ದೇ ಇರಬೇಕು, ಸೊಸೆ ಸಿಕ್ಕಿದ್ದೇ ಸೀರುಂಡೆ ಅಂತ ಅದನ್ನೇ ಹಿಡಿದುಕೊಂಡಿದ್ದಾರೆ ಅಂತ ವಕೀಲರು ಬಿಡದೆ ವಾದಿಸಿದರು. ಇರಬಹುದು, ಅದಕ್ಕೇ ಅವರನ್ನೇ ಕೇಳೋಣ ಅಂತ ನ್ಯಾಯಾಧೀಶರು ಮುದುಕಿಯನ್ನು ಕಟಕಟೆಗೆ ಕರೆದರು.

ಪ್ರಾಂಪ್ಟಮ್ಮ ಎದ್ದಳು. ಮೈಯಲ್ಲೆಲ್ಲ ಅದೇನೋ ಮಿಂಚು ಹರಿದಾಡುತ್ತಿತ್ತು. ಜೀವಮಾನವೆಲ್ಲ ಪಕ್ಕದ ಸಂದಿಯಲ್ಲಿ ಕೂತವಳು ಮೊದಲ ಸಲ ನಾಲ್ಕು ಜನ ನೋಡುವ ಜಾಗದಲ್ಲಿ ನಿಂತಿದ್ದಳು. ಪ್ರಮಾಣ ಮಾಡಿಸಿದರು. ಅವತ್ತು ಸಂಜೆ ನೀವೆಲ್ಲಿದ್ದಿರಿ ಅಂತ ನ್ಯಾಯಾಧೀಶರು ಕೇಳಿದರು.

ಮಾತು ಸಿದ್ಧವಾಗಿತ್ತು. ಧಾಟಿಯೂ ಸಿದ್ಧವಾಗಿತ್ತು. ಅವಳು ಬಾಯಿ ತೆರೆದಳು, ಮಾತು ಬರಲಿಲ್ಲ. ಎದುರಿಗೆ ಕೂತ ಮಗನ ತುಟಿ ಅಲ್ಲಾಡಿತು. ಸದ್ದಿಲ್ಲದೆ, ಒಂದೊಂದೇ ಅಕ್ಷರ ಬಿಡಿಸಿ, ಅವನು ಎತ್ತಿಕೊಡುತ್ತಿದ್ದ: ಊ-ರ-ಲ್ಲೇ ಇ-ರ-ಲಿ-ಲ್ಲ. ಎಷ್ಟು ಮೆತ್ತಗಿತ್ತು ಆ ಮುಖ! ಚಿಕ್ಕವನಿದ್ದಾಗ ತನ್ನ ಸ್ಟೂಲಿನ ಪಕ್ಕದಲ್ಲೇ ಮಲಗಿ ನಿದ್ದೆ ಹೋಗುತ್ತಿದ್ದ ಮಗ. ಹೂಂ ಅಂದರೆ ಚೂಟಿ ಸಂಜೆ ಮನೆಗೆ ಬರುತ್ತಾಳೆ, ಕೊಡವಿಟ್ಟ ಹಾಸಿಗೆಯ ಮೇಲೆ ಕುಣಿಯುತ್ತಾಳೆ. ಊಹೂಂ ಅಂದರೆ ಮೊಮ್ಮಗಳೂ ಇಲ್ಲ, ಮಗನೂ ಇಲ್ಲ. ಇದು ಮುದುಕಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಆದರೆ ಇನ್ನೊಂದೂ ಅಷ್ಟೇ ಸ್ಪಷ್ಟವಾಗಿತ್ತು. ಚೂಟಿ ಬರುವುದು ಬರೀ ಅಜ್ಜಿಯ ಹತ್ತಿರಕ್ಕಲ್ಲ, ಆ ಬಾಗಿಲಿನ ಹತ್ತಿರಕ್ಕೂ. ನಾಳೆ ಹುಡುಗಿ ದೊಡ್ಡವಳಾಗಿ, ಅಮ್ಮನ ಹಾಗೇ ಕೆಲಸಕ್ಕೆ ಹೋಗುತ್ತೇನೆ ಅಂದರೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

“ಆ ಕಡೆ ನೋಡಬೇಡಿ,” ಅಂದರು ನ್ಯಾಯಾಧೀಶರು. “ನನ್ನನ್ನ ನೋಡಿ ಹೇಳಿ.”

“ಮನೇಲೇ ಇದ್ದೆ ತಾಯಿ,” ಅಂದಳು ಪ್ರಾಂಪ್ಟಮ್ಮ. “ನಮ್ಮ ಅಡುಗೆಮನೆಗೆ ಎರಡು ಬಾಗಿಲು. ಹಿತ್ತಲ ಕಡೇದಕ್ಕೆ ಪರದೆ ಹಾಕಿದೀವಿ. ಒಣಗಿದ ಬಟ್ಟೆ ತಗೊಂಡು ಬರ್ತಾ ಇದ್ದೆ, ಪರದೆ ಹಿಂದೆ ನಿಂತೆ. ಅವನು ಹೇಳಿದ್ದು ಕೇಳಿಸ್ತು, ಬಾಗಿಲು ಎಳೆದಿದ್ದೂ ಕಾಣಿಸ್ತು. ಅದು ಯಾವ ನಾಟಕದ ಮಾತೂ ಅಲ್ಲ. ಯಾವ ನಾಟಕದಲ್ಲೂ ಅಂಥ ಮಾತು ನಾನು ಎತ್ತಿಕೊಟ್ಟಿಲ್ಲ.”

ಟೈಪಿಸ್ಟಿನ ಬೆರಳುಗಳು ಓಡತೊಡಗಿದವು. ಮಗ ತಲೆ ತಗ್ಗಿಸಲಿಲ್ಲ, ಸುಮ್ಮನೆ ನೋಡುತ್ತಲೇ ಇದ್ದ. ಅವನ ವಕೀಲರು ಕೊನೆಯ ಬಾಣ ಬಿಟ್ಟರು. ಆಗಲಿ, ಆದರೆ ಮಗುವಿಗೆ ಇವರು ಒಂದು ಏಟಾದರೂ ಹಾಕಿದ್ದನ್ನು ನೋಡಿದ್ದೀರಾ ಅಂತ ಕೇಳಿದರು.

“ಇಲ್ಲಪ್ಪ, ಮಗೂಗೆ ಏಟು ಬಿದ್ದಿಲ್ಲ. ಅದು ಮೇಜಿನ ಕೆಳಗಿತ್ತು. ಆದ್ರೆ ಅವತ್ತಿಂದ ಮನೇಲಿ ಯಾವ ಬಾಗಿಲು ಹಾಕಿದ್ರೂ ಎರಡೂ ಕೈ ಕಂಕುಳಲ್ಲಿ ಇಟ್ಕೊಂಡುಬಿಡ್ತಿತ್ತು. ಬಚ್ಚಲು ಬಾಗಿಲು ಹಾಕಿದ್ರೂ ಅಷ್ಟೇ. ಮನೆ ಬಿಡೋ ತನಕ ಹಾಗೇ ಮಾಡ್ತು.”

ಸೊಸೆಯ ಬಾಯಿಂದ ಒಂದು ಸದ್ದು ಬಂತು, ಅಳುವೋ ನಿಟ್ಟುಸಿರೋ ಗೊತ್ತಾಗಲಿಲ್ಲ. ವಕೀಲರು ಕೂತರು. ಪ್ರಾಂಪ್ಟಮ್ಮ ಕಟಕಟೆ ಇಳಿದಳು. ಮಗನ ಪಕ್ಕದ ಜಾಗಕ್ಕೆ ಹೋಗಲು ಕಾಲು ಬರದೆ, ಹಿಂದಿನ ಗೋಡೆಗೆ ಒರಗಿ ನಿಂತಳು. ಎಷ್ಟೋ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಹೊರಬಂದ ಹಾಗೆ ಹಗುರವಾಗಿತ್ತು. ಹೆದರಿಕೆ, ದುಃಖ, ಖುಷಿ ಎಲ್ಲವೂ ಒಟ್ಟಿಗೇ ಆಗುತ್ತಿತ್ತು. ಖುಷಿ ಆದದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು.

ಊಟದ ಬಿಡುವು ಮುಗಿದ ಮೇಲೆ ನ್ಯಾಯಾಧೀಶರು ಮತ್ತೆ ಬಂದರು. ಪೂರ್ತಿ ತೀರ್ಪನ್ನು ಆಮೇಲೆ ಬರೆಯುತ್ತೇನೆ, ಮಗು ಯಾರ ಹತ್ತಿರ ಅನ್ನುವುದನ್ನು ಮಾತ್ರ ಈಗಲೇ ಹೇಳುತ್ತೇನೆ ಅಂದರು. ಸೊಸೆ ಮೇಜಿನ ಅಂಚು ಹಿಡಿದುಕೊಂಡಳು. ಏಟು ಮಗುವಿನ ಮೈಮೇಲೆ ಬೀಳಲಿಲ್ಲ ಅಂದ ಮಾತ್ರಕ್ಕೆ ಮಗುವಿಗೆ ಪೆಟ್ಟಾಗಿಲ್ಲ ಅನ್ನಲು ಬರುವುದಿಲ್ಲ ಅಂತ ನ್ಯಾಯಾಧೀಶರು ಬಿಡಿಸಿ ಹೇಳಿದರು. ತಾಯಿಯ ಕೈ ಮುರಿಯುವ ಮನೆ ಮಗುವಿಗೂ ಸುರಕ್ಷಿತವಲ್ಲ ಅಂದರು. ಚೂಟಿ ತಾಯಿಯ ಹತ್ತಿರವೇ ಇರಬೇಕು. ತಂದೆ ನೋಡುವುದಾದರೆ ಈ ಕಟ್ಟಡದಲ್ಲೇ, ಅಧಿಕಾರಿಯೊಬ್ಬರ ಎದುರಿಗೇ ನೋಡಬೇಕು. ಅಜ್ಜಿಯ ಅರ್ಜಿಯೂ ಮಗನ ಅರ್ಜಿಯ ಜೊತೆಗೇ ಬಿದ್ದುಹೋಯಿತು. ಅಜ್ಜಿ ಮಗುವನ್ನು ನೋಡಬಹುದೇ ಅಂತ ನ್ಯಾಯಾಧೀಶರು ಸೊಸೆಯನ್ನು ಕೇಳಿದರು.

ಸೊಸೆ ಉತ್ತರಕ್ಕೆ ಹೊತ್ತು ತೆಗೆದುಕೊಂಡಳು. ಈ ಸಲ ಪ್ರಾಂಪ್ಟಮ್ಮ ಹಲ್ಲು ಕಚ್ಚಿ ಸುಮ್ಮನಿದ್ದಳು.

“ನೋಡಲಿ,” ಅಂದಳು ಸೊಸೆ. “ಆದ್ರೆ ನಾನು ಜೊತೇಲಿರ್ತೀನಿ. ಒಂಟಿಯಾಗಿ ಬಿಡಲ್ಲ. ಅವರು ನೋಡಿದ್ರೂ ಸುಮ್ಮನಿದ್ದೋರು.”

ಕೆನ್ನೆಗೆ ಬಾರಿಸಿದ ಹಾಗಾಯಿತು. ಆದರೂ ‘ನೋಡಲಿ’ ಅನ್ನುವ ಪದ ಕಿವಿಗೆ ಬಿದ್ದದ್ದೇ ತಡ, ಮುದುಕಿಯ ಎದೆ ಮತ್ತೆ ಬೆಳಗಿನ ಹಾಗೇ ಡವಡವ ಅನ್ನತೊಡಗಿತು.

ಹೊರಗೆ ಓಣಿಯಲ್ಲಿ ಮಗ ಕಾದು ನಿಂತಿದ್ದ. ಬೈಯುತ್ತಾನೆ ಅಂದುಕೊಂಡಿದ್ದಳು, ಬೈಯಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ಹತ್ತಿರ ಆಡುವ ದನಿಯಲ್ಲೇ, ಅಮ್ಮ, ಮನೆ ಬೀಗದ ಕೈ ಕೊಡು ಅಂದ. ಅವಳು ಚೀಲದಿಂದ ತೆಗೆದುಕೊಟ್ಟಳು. ಅವನು ಅದನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ಕಂಪನಿಯಲ್ಲಿ ಬಣ್ಣ ಹಚ್ಚುತ್ತಿದ್ದ ಗೆಳತಿಯ ಮನೆಯಲ್ಲಿ ಒಂದು ಮಂಚ ಯಾವಾಗಲೂ ಖಾಲಿ, ರಾತ್ರಿಗೆ ಅಲ್ಲಿಗೆ ಹೋದರಾಯಿತು ಅಂದುಕೊಂಡಳು. ಅಳು ಬಂತು, ಅತ್ತಳು. ಆಮೇಲೆ ಮೂಗೊರೆಸಿಕೊಂಡು ಮಕ್ಕಳ ಕೋಣೆಯ ಕಡೆ ಓಡುನಡಿಗೆಯಲ್ಲಿ ಹೊರಟಳು.

ಸೊಸೆ ಆಗಲೇ ಬಾಗಿಲಲ್ಲಿ ನಿಂತಿದ್ದಳು. ದಾರಿ ಬಿಟ್ಟಳು. ಒಳಗೆ ಗಿಡ್ಡ ಬೆಂಚಿನ ಮೇಲೆ ಚೂಟಿ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಎತ್ತರವಾಗಿದ್ದಳು, ಮುಂದಿನ ಹಲ್ಲೊಂದು ಬಿದ್ದಿತ್ತು. ಅಜ್ಜಿಯನ್ನು ಕಂಡು ಓಡಿ ಬರಲಿಲ್ಲ. ಬಂದು ಕೊರಳಿಗೆ ಜೋತುಬೀಳುತ್ತಾಳೆ ಅಂತ ತೋಳು ಚಾಚಿದ್ದ ಮುದುಕಿ ಅಲ್ಲೇ ನಿಂತುಬಿಟ್ಟಳು.

“ಅಜ್ಜಿ,” ಅಂದಳು ಚೂಟಿ, ತುಂಡುಗಳಿಂದ ಕಣ್ಣು ತೆಗೆಯದೆ. “ಅವತ್ತು ಪರದೆ ಕೆಳಗೆ ನಿನ್ನ ಕಾಲು ಕಾಣ್ತಿತ್ತು. ಮೇಜಿನ ಕೆಳಗಿಂದ ನಾನು ನೋಡ್ತಾನೇ ಇದ್ದೆ. ನೀನ್ಯಾಕೆ ಬರಲಿಲ್ಲ?”

ನ್ಯಾಯಾಧೀಶರು ಕೇಳದೆ ಬಿಟ್ಟ ಪ್ರಶ್ನೆ ಅದು. ಬಾಗಿಲಲ್ಲಿದ್ದ ಸೊಸೆ ಅತ್ತೆಯನ್ನೇ ನೋಡುತ್ತಿದ್ದಳು. ಸಾವಿರ ಮಾತು ಬಾಯಿಪಾಠ ಇದ್ದವಳಿಗೆ ಒಂದೂ ನೆನಪಾಗಲಿಲ್ಲ. ನೆನಪಾಗಿದ್ದರೂ ಅವಳು ಹೇಳುತ್ತಿರಲಿಲ್ಲ. ಮೊಣಕಾಲೂರಿ, ಮಗುವಿನ ಮುಖದ ಸಮಕ್ಕೆ ಕೂತಳು.

“ಹೆದರಿಕೆ ಆಗಿತ್ತು, ಪುಟ್ಟ.”

“ಅಪ್ಪನ್ನ ಕಂಡ್ರೆ?”

“ಹೂಂ. ನನ್ನ ಮಗನ್ನ ಕಂಡ್ರೆ ನಂಗೇ ಹೆದರಿಕೆ.”

ಚೂಟಿ ಕೈಯಲ್ಲಿದ್ದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ನಂಗೂ,” ಅಂದಳು.

ಆಮೇಲೆ ಬೆಂಚಿನ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿದಳು. ಅಜ್ಜಿ ಎದ್ದು ಅವಳ ಪಕ್ಕದಲ್ಲಿ ಕೂತಳು.